ಜರ್ಮನಿಯಲ್ಲಿ ಪೋಸ್ಟ್‌ಡಾಕ್: ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆ

ಜರ್ಮನಿಯ ವಿಶ್ವವಿದ್ಯಾಲಯವೊಂದರ ಭೌತವಿಜ್ಞಾನ ವಿಭಾಗದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧಕ, ಆಗಿದ್ದೇನೆ. ಇಲ್ಲಿಗೆ ಬರಲು ಹೊರಟ ಕಿರಿಯರು ಬೆಂಗಳೂರು, ಧಾರವಾಡಗಳಿಂದ ಕರೆ ಮಾಡಿ ಸಂಬಳ, ಬಾಡಿಗೆ, ಚಳಿಯ ಬಗ್ಗೆ ವಿಚಾರಿಸುತ್ತಾರೆ. "ಎರಡು ವರ್ಷದ ಕರಾರು ಸರ್, ಆಮೇಲೆ ಮುಂದುವರಿಸುತ್ತಾರಂತೆ" ಎಂದರೆ ನನಗೆ ಆತಂಕವಾಗುತ್ತದೆ. ಅಂತೆಕಂತೆ ನಂಬಿ ಸಂಸಾರ ಸಮೇತ ಊರು ಬಿಡಬಾರದು.

ಇಲ್ಲಿ ಪ್ರಾಧ್ಯಾಪಕರು ಮನಸ್ಸು ಮಾಡಿದರಷ್ಟೇ ಸಾಲದು, ಕಾನೂನು ಒಪ್ಪಬೇಕು. 2007ರಿಂದ ಜಾರಿಯಲ್ಲಿರುವ ನಿಯಮದಂತೆ ವಿಶ್ವವಿದ್ಯಾಲಯವು ಸಂಶೋಧಕರನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಬಹುದಾದದ್ದು ಪಿಎಚ್.ಡಿ.ಗೆ ಮುನ್ನ 6 ವರ್ಷ, ನಂತರ 6 ವರ್ಷ. ವೈದ್ಯಕೀಯದಲ್ಲಿ ಮಾತ್ರ ನಂತರದ ಅವಧಿ 9. ಅಷ್ಟು ಮುಗಿದ ಮೇಲೆ ಕಾಯಂ ಹುದ್ದೆ ಸಿಗಬೇಕು, ಇಲ್ಲವೇ ಹೊರಗಿನ ಅನುದಾನದ ಯೋಜನೆಯೊಂದರಲ್ಲಿ ಸೇರಬೇಕು. ನಮ್ಮವರಿಗೆ ತಿಳಿಯದ ಸಂಗತಿಯೊಂದಿದೆ: ಪಿಎಚ್.ಡಿ.ಯನ್ನು 5 ವರ್ಷದಲ್ಲಿ ಮುಗಿಸಿದ್ದರೆ, ಉಳಿದ 1 ವರ್ಷ ಎರಡನೆಯ ಅವಧಿಗೆ ಸೇರುತ್ತದೆ. ಮಗುವನ್ನು ಸಾಕುತ್ತಿದ್ದರೆ ಪ್ರತಿ ಮಗುವಿಗೆ 2 ವರ್ಷ ವಿಸ್ತರಣೆಗೆ ಅವಕಾಶವಿದೆ. ಈ ಲೆಕ್ಕ ಹಾಕುವುದು ಸಿಬ್ಬಂದಿ ವಿಭಾಗ. ಆದ್ದರಿಂದ ಸಹಿಗೆ ಮುನ್ನ ಅವರಿಗೇ ಇಮೇಲ್ ಬರೆಯಿರಿ: ನನಗೆ ಎಷ್ಟು ವರ್ಷ ಉಳಿದಿದೆ, ಈ ಕರಾರು ಯಾವ ಕಲಮಿನಡಿ ಬರುತ್ತದೆ?

ಇಲ್ಲಿನ ಶಿಕ್ಷಣ ಸಚಿವಾಲಯ ಈ ಕಾನೂನನ್ನು ಸಮರ್ಥಿಸಲು ಹನ್ನಾ ಎಂಬ ಕಾಲ್ಪನಿಕ ಸಂಶೋಧಕಿಯ ವಿಡಿಯೊ ಬಳಸಿತ್ತು. 2021ರಲ್ಲಿ ಸಾವಿರಾರು ಸಂಶೋಧಕರು "ನಾನೇ ಹನ್ನಾ" ಎಂದು ತಮ್ಮ ಪಾಡನ್ನು ಬರೆದುಕೊಂಡರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಕರಾರು ಮುಗಿದರೆ ಜರ್ಮನ್ ಸಹೋದ್ಯೋಗಿ ಕೆಲಸ ಹುಡುಕಿದರೆ ಸಾಕು. ನಾವು ಕೆಲಸದ ಜೊತೆಗೆ ವಾಸದ ಪರವಾನಗಿಯನ್ನೂ, ಮಕ್ಕಳ ಶಾಲೆಯನ್ನೂ ನೋಡಿಕೊಳ್ಳಬೇಕು. ಈ ಹೊರೆ ವಿಭಾಗದ ಸಭೆಗಳಲ್ಲಿ ಚರ್ಚೆಗೇ ಬರುವುದಿಲ್ಲ.

ಬರುವುದಾದರೂ ಹೇಗೆ? ಪ್ರಯೋಗಾಲಯದಲ್ಲಿ ಇಂಗ್ಲಿಷ್ ನಡೆಯುತ್ತದೆ, ಸಭೆಯಲ್ಲಿ ಜರ್ಮನ್. ನಾವು ಪಾಠ ಮಾಡುವ ವಿಷಯಗಳ ಪರೀಕ್ಷಾ ನಿಯಮಾವಳಿಯೂ ಜರ್ಮನ್. ತಿದ್ದಿದ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಇಲ್ಲಿನ ವಿದ್ಯಾರ್ಥಿಗಳಿಗಿದೆ. ಅದಕ್ಕೆಂದೇ ದಿನ ಗೊತ್ತುಪಡಿಸುತ್ತಾರೆ. ಇಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಬಂದರೆ ಪಾಸು, 5.0 ನಪಾಸು. ಕೂದಲೆಳೆಯಲ್ಲಿ ನಪಾಸಾದ ಹುಡುಗ ಎದುರು ಕುಳಿತು, ಸಮೀಕರಣದ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, "ವಿಧಾನ ಸರಿಯಿದೆ, ಚಿಹ್ನೆ ಮಾತ್ರ ತಪ್ಪಿದೆ, ಪೂರ್ತಿ ಅಂಕ ಏಕೆ ಕಳೆದಿರಿ?" ಎಂದು ಜರ್ಮನ್‌ನಲ್ಲಿ ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದು. ಅವನ ಭಾಷೆಯಲ್ಲೇ ವಿವರಿಸಿದಾಗ, ಅಂಕ ಸಿಗದಿದ್ದರೂ ಅವನು ಒಪ್ಪಿಕೊಂಡು ಏಳುತ್ತಾನೆ. ಪಾಠ ಮಾಡಿದ ತೃಪ್ತಿ ನನಗೆ ಹೆಚ್ಚಾಗಿ ಸಿಕ್ಕಿರುವುದು ಅಲ್ಲೇ.

ಕಾಯಂ ಹುದ್ದೆಯ ಜಾಹೀರಾತುಗಳಲ್ಲಿ ಜರ್ಮನ್‌ನಲ್ಲಿ ಪಾಠ ಮಾಡಬೇಕೆಂಬ ಷರತ್ತು ಸಾಮಾನ್ಯ. ಅನೇಕ ವಿಶ್ವವಿದ್ಯಾಲಯಗಳು ಸಿಬ್ಬಂದಿಗೆ ಭಾಷಾ ತರಗತಿ ನಡೆಸುತ್ತವೆ. ಪ್ರಯೋಗ ಮುಗಿಯಲಿ, ಪ್ರಬಂಧ ಪ್ರಕಟವಾಗಲಿ ಎಂದು ಕಾಯದೆ ಬಂದ ಮೊದಲ ಸೆಮಿಸ್ಟರಿನಲ್ಲೇ ಹೆಸರು ನೋಂದಾಯಿಸಿ.