ಹಂಗೇರಿಯ ಮುತ್ತಜ್ಜನನ್ನು ಹುಡುಕುವವರು ಮೊದಲು ಹಿಡಿಯಬೇಕಾದದ್ದು ಊರು

ಒಹಾಯೊದ ಕ್ಲೀವ್‌ಲ್ಯಾಂಡ್‌ನ ಬಕ್‌ಐ ರಸ್ತೆಯಲ್ಲಿ, ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಹಂಗೇರಿಯನ್ ಮಾತು ಕೇಳಿಬರುತ್ತಿತ್ತು. ಹಾಗೆ ವಲಸೆ ಬಂದವರ ಮರಿಮಕ್ಕಳು ಈಗ ತಮ್ಮ ಬೇರು ಹುಡುಕುತ್ತಿದ್ದಾರೆ. ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಬರೀ ಹೆಸರು ಹಿಡಿದು ನೇರವಾಗಿ ಹಂಗೇರಿಯ ದಾಖಲೆಗಳಿಗೆ ಕೈ ಹಾಕುತ್ತಾರೆ. 'ಕೋವಾಚ್' ಅಂದರೆ ಕಮ್ಮಾರ. ಕೋವಾಚ್ ಯಾನೋಶ್ ಎಂಬ ಹೆಸರಿನವರಿಗೆ ಅಲ್ಲಿ ಲೆಕ್ಕವಿಲ್ಲ. ಊರು ಯಾವುದು, ಯಾವ ಚರ್ಚಿಗೆ ನಡೆದುಕೊಳ್ಳುತ್ತಿದ್ದರು, ಇವೆರಡು ಗೊತ್ತಾಗದೆ ಹುಡುಕಾಟ ಮುಂದೆ ಸಾಗದು.

ಊರಿನ ಹೆಸರು ಸಿಗುವುದು ಅಮೆರಿಕದ ಕಾಗದಪತ್ರಗಳಲ್ಲೇ. 1906ರ ಸೆಪ್ಟೆಂಬರ್ ಕೊನೆಯಿಂದೀಚೆಗಿನ ಪೌರತ್ವದ ಅರ್ಜಿಗಳಲ್ಲಿ ಹುಟ್ಟಿದ ಸ್ಥಳ, ಹಡಗು, ಬಂದ ದಿನ ಎಲ್ಲ ಇರುತ್ತವೆ. ಅದಕ್ಕೂ ಹಳೆಯವುಗಳಲ್ಲಿ ಹೆಚ್ಚಾಗಿ 'ಹಂಗೇರಿ' ಎಂದಷ್ಟೇ ಬರೆದಿರುತ್ತದೆ. 1907ರಿಂದ ಹಡಗಿನ ಪ್ರಯಾಣಿಕರ ಪಟ್ಟಿ ಎರಡು ಪುಟದ್ದಾಯಿತು. ಮೊದಲ ಪುಟದಲ್ಲಿ ಊರಲ್ಲೇ ಉಳಿದ ಹತ್ತಿರದ ಬಂಧುವಿನ ಹೆಸರು, ವಿಳಾಸ; ಎರಡನೆಯದರಲ್ಲಿ ಹುಟ್ಟೂರು. ಎಷ್ಟೋ ಜನ ಮೊದಲ ಪುಟ ಇಳಿಸಿಕೊಂಡು ಅಷ್ಟಕ್ಕೇ ನಿಲ್ಲಿಸುತ್ತಾರೆ. 1936ರ ಬಳಿಕದ ಸೋಷಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ಪಿಂಚಣಿ ಯೋಜನೆ) ಅರ್ಜಿಯಿಂದ ತಾಯಿಯ ತವರಿನ ಮನೆತನದ ಹೆಸರು ಸಿಗುತ್ತದೆ.

ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದ ಗುಮಾಸ್ತರು ಹೆಸರು ಬದಲಾಯಿಸಿದರು ಎಂಬ ಮಾತನ್ನು ನಂಬಬೇಡಿ. ಪ್ರಯಾಣಿಕರ ಪಟ್ಟಿ ಹಡಗು ಹೊರಡುವ ಕಡೆಯೇ, ಬ್ರೆಮೆನ್, ಹ್ಯಾಂಬರ್ಗ್, ಫಿಯುಮೆಯಂಥ ಬಂದರುಗಳಲ್ಲೇ ತಯಾರಾಗುತ್ತಿತ್ತು. ಗೊಂದಲ ಇರುವುದು ಕಾಗುಣಿತದಲ್ಲಿ. ಹಂಗೇರಿಯನ್ನಿನಲ್ಲಿ ಎಸ್ ಒಂದೇ ಇದ್ದರೆ 'ಶ', ಅದರ ಮುಂದೆ ಝಡ್ ಬಂದರೆ 'ಸ', ಸಿ ಮತ್ತು ಎಸ್ ಸೇರಿದರೆ 'ಚ'. ಹಾಗಾಗಿ 'ಸಾಬೋ' ಎಂಬ ಹೆಸರನ್ನು ಝಡ್ ಇಟ್ಟೂ ಹುಡುಕಿ, ಬಿಟ್ಟೂ ಹುಡುಕಿ. ಮನೆತನದ ಹೆಸರು ಮೊದಲು ಬರುತ್ತದೆ. ಗಂಡನ ಹೆಸರಿನ ಕೊನೆಗೆ 'ನೇ' ಸೇರಿದ್ದರೆ ಅದು ಹೆಂಡತಿ. 'ದೆಬ್ರೆತ್ಸೆನಿ'ಯಂಥವು ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳಂತೆ ಊರಿನಿಂದ ಹುಟ್ಟಿದವು. ಆದರೆ ಆ ಊರು ಬಿಟ್ಟು ಶತಮಾನಗಳೇ ಕಳೆದಿರಬಹುದು, ಅದನ್ನೇ ಹುಟ್ಟೂರೆಂದು ಹಿಡಿಯಬಾರದು.

ಊರು ಸಿಕ್ಕಿತು, ಆದರೆ ಭೂಪಟದಲ್ಲಿಲ್ಲ. ಇದೂ ಸಾಮಾನ್ಯ. 1920ರ ಜೂನ್ 4ರ ಟ್ರಿಯಾನೋನ್ ಒಪ್ಪಂದದಲ್ಲಿ ಹಳೆಯ ಹಂಗೇರಿಯ ಮೂರನೇ ಎರಡು ಭಾಗ ನೆಲ ಬೇರೆ ದೇಶಗಳ ಪಾಲಾಯಿತು. ಕಾಶ್ಶಾ ಈಗ ಸ್ಲೊವಾಕಿಯದ ಕೊಶಿತ್ಸೆ. ನಾಗ್ಯವಾರಾದ್ ಈಗ ರೊಮೇನಿಯದ ಒರಾಡಿಯಾ. ಅದಕ್ಕೂ ಮೊದಲು, 1898ರ ಕಾನೂನಿನಂತೆ ಒಂದೇ ಹೆಸರಿನ ಹಳ್ಳಿಗಳಿಗೆ ಹೊಸ ಹೆಸರು ಕೊಡುವ ಕೆಲಸವೂ ನಡೆದಿತ್ತು. ಆದ್ದರಿಂದ 1877ರ ಮತ್ತು 1913ರ ಸ್ಥಳನಾಮ ಕೋಶಗಳೆರಡನ್ನೂ ನೋಡಿ. ಹಳ್ಳಿಯಲ್ಲಿ ಯಾವ ಧರ್ಮದವರಿದ್ದರು, ಅವರ ಚರ್ಚು ಯಾವ ಪಕ್ಕದೂರಲ್ಲಿತ್ತು ಎಂಬುದು 1877ರದರಲ್ಲಿದೆ.

ಸರ್ಕಾರಿ ಜನನ-ಮರಣ ನೋಂದಣಿ ಶುರುವಾದದ್ದು 1895ರ ಅಕ್ಟೋಬರ್ 1ರಂದು. ವಲಸೆ ಹೋದವನ ಅಪ್ಪ-ಅಮ್ಮ ಆಮೇಲೆ ಊರಲ್ಲೇ ತೀರಿಕೊಂಡಿದ್ದರೆ ಅವರ ಮರಣದ ದಾಖಲೆಯನ್ನೇ ಮೊದಲು ತೆಗೆಯಿರಿ. ಅದರಲ್ಲಿ ಅವರ ತಂದೆ-ತಾಯಿಯ ಹೆಸರೂ ಇರುವುದರಿಂದ ಒಂದೇ ನಮೂದಿನಲ್ಲಿ ಇನ್ನೊಂದು ತಲೆಮಾರು ಸಿಕ್ಕಂತೆ. ಅದಕ್ಕೂ ಹಿಂದೆ ಹೋಗಲು ಚರ್ಚಿನ ಪುಸ್ತಕಗಳೇ ಗತಿ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಬಹಳಷ್ಟು ಉಚಿತವಾಗಿ ಸಿಗುತ್ತವೆ. 1840ರ ದಶಕದವರೆಗೆ ಹೆಚ್ಚಿನವು ಲ್ಯಾಟಿನ್‌ನಲ್ಲಿವೆ. ಅಲ್ಲಿ ಇಶ್ತ್ವಾನ್ 'ಸ್ಟೆಫಾನುಸ್' ಆಗಿರುತ್ತಾನೆ, ಬೇಲಾ 'ಅದಲ್ಬೆರ್ತುಸ್' ಆಗಿರುತ್ತಾನೆ.

ದೀಕ್ಷಾಸ್ನಾನದ ನಮೂದು ಕಂಡ ಕೂಡಲೇ ವಂಶವೃಕ್ಷಕ್ಕೆ ಸೇರಿಸಿಬಿಡುವುದು ದೊಡ್ಡ ತಪ್ಪು. ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೂ ಅದೇ ಹೆಸರಿಡುತ್ತಿದ್ದರು. ಮುಂದಿನ ಐದಾರು ವರ್ಷಗಳ ಮರಣದ ಪುಟಗಳನ್ನು ಪೂರ್ತಿ ತಿರುವಿ ನೋಡಿ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರು ಅಪ್ಪಂದಿರು ಕಂಡರೆ ಮನೆ ನಂಬರನ್ನೂ ಮಗುವಿನ ಗಾಡ್‌ಫಾದರ್, ಗಾಡ್‌ಮದರ್ ಹೆಸರನ್ನೂ ತಾಳೆ ನೋಡಿ. ಒಂದು ಮನೆಯ ಮಕ್ಕಳಿಗೆಲ್ಲ ಬಹುತೇಕ ಅದೇ ಜೋಡಿ ನಿಂತಿರುತ್ತದೆ.