ಸೌದೆ ಬೆಂಕಿಗೆ ಸ್ವಿಚ್ ಇಲ್ಲ

ಕೊಡಗಿನಲ್ಲಿ ಮನೆಗೆ ಹೀಟಿಂಗ್ ಯಾಕೆ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಅವರು ಬರೋದು ಡಿಸೆಂಬರಿನಲ್ಲಿ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಬಿಸಿಲು, ಸ್ವೆಟರ್ ಹಾಕಿಕೊಂಡು ನಾಲ್ಕು ಫೋಟೊ ತೆಗೆದರೆ ಆಯಿತು. ಜುಲೈನಲ್ಲಿ ಬಂದು ನೋಡಬೇಕು. ನಮ್ಮ ಮನೆ ಇರುವುದು ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ, ಪುಷ್ಪಗಿರಿಯ ಮಳೆ ನೇರ ಬಂದು ಬಡಿಯುವ ಜಾಗ. ಥರ್ಮಾಮೀಟರ್ ನೋಡಿದರೆ ಅಂಥಾ ಚಳಿ ಏನಲ್ಲ. ತೇವದ್ದೇ ಕಾಟ. ಬೀರುವಿನೊಳಗಿನ ಸೀರೆಗೂ ಬೂಷ್ಟು, ಬಾಗಿಲ ಹಿಂದಿನ ಬೆಲ್ಟಿಗೂ ಬೂಷ್ಟು. ತೊಳೆದ ಬಟ್ಟೆ ವಾರವಾದರೂ ಒಣಗದೆ ನಾರುತ್ತದೆ. ಅತ್ತೆಗೆ ಎಂಬತ್ತು ದಾಟಿದೆ. ಮಳೆ ಹಿಡಿಯಿತು ಅಂದರೆ ಮಂಡಿ ಹಿಡಿಯಿತು ಅಂತಲೇ ಅರ್ಥ.

ಕರೆಂಟ್ ಹೀಟರ್ ಹಾಕಿ ಅಂತ ಸಲಹೆ ಕೊಡುವವರಿಗೆ ನಮ್ಮ ಕಡೆಯ ಮಳೆಗಾಲ ಗೊತ್ತಿಲ್ಲ. ತಂತಿ ಮೇಲೆ ಒಂದು ಮರ ಬಿದ್ದರೆ ದಿನಗಟ್ಟಲೆ ಕತ್ತಲು. ಅದೇ ಸೌದೆಗೆ ನಮ್ಮಲ್ಲಿ ಬರವಿಲ್ಲ. ತೋಟದಲ್ಲಿ ವರ್ಷವರ್ಷ ಮರ ಕಪಾತು ಮಾಡಿದ ಕೊಂಬೆ, ಗಾಳಿಗೆ ಉರುಳಿದ ಸಿಲ್ವರ್ ಓಕ್ ಮರ, ಕಿತ್ತು ಹಾಕಿದ ಹಳೇ ಕಾಫಿ ಗಿಡ ಇದ್ದೇ ಇರುತ್ತದೆ. ಬಚ್ಚಲಿನ ಹಂಡೆ ಒಲೆ ಹೇಗೂ ದಿನಾ ಉರಿಯುತ್ತಿತ್ತು. ಆ ಹಂಡೆಯ ಜಾಗದಲ್ಲಿ 200 ಲೀಟರಿನ ಸ್ಟೀಲ್ ಬಾಯ್ಲರ್ ಮಾಡಿಸಿ, ಅದರ ಬಿಸಿನೀರನ್ನು ಕಬ್ಬಿಣದ ಪೈಪಿನಲ್ಲಿ ಅತ್ತೆಯ ಕೋಣೆಗೂ ಬಟ್ಟೆ ಒಣಗಿಸುವ ಕೋಣೆಗೂ ಸುತ್ತಿಸಿದೆವು. ಹಿಮ ಬೀಳುವ ದೇಶಗಳಲ್ಲಿ ಮನೆ ಬಿಸಿ ಮಾಡುವುದೂ ಇದೇ ರೀತಿ. ನಮ್ಮದು ಅದರ ಬಡ ತಂಗಿ.

ಇದನ್ನು ನೋಡಿದ ಸುತ್ತಮುತ್ತಲಿನವರು, ಅದರಲ್ಲೂ ಹೋಂಸ್ಟೇ ನಡೆಸುವವರು, ನಮಗೂ ಬೇಕು ಅನ್ನುತ್ತಿದ್ದಾರೆ. ಮಾಡಿಸಿ, ಬೇಡ ಅನ್ನೋದಿಲ್ಲ. ಆದರೆ ಎಲ್ಲರೂ ಕೇಳೋದು ಎಷ್ಟು ಖರ್ಚಾಯಿತು ಅಂತ. ಒತ್ತಡ ಎಲ್ಲಿಗೆ ಹೋಗುತ್ತದೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ಗೀಸರಿನಲ್ಲಿ ನೀರು ಕಾದರೆ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ. ಗ್ಯಾಸ್ ಆದರೆ ನಾಬ್ ತಿರುಗಿಸಿದರೆ ಆಯಿತು. ಸೌದೆಗೆ ಅದ್ಯಾವುದೂ ಇಲ್ಲ. ಒಲೆಗೆ ಹತ್ತು ಕೆಜಿ ಸೌದೆ ಇಟ್ಟ ಮೇಲೆ ಅದು ಉರಿದೇ ತೀರುತ್ತದೆ. ಗಾಳಿಬಾಗಿಲು ಮುಚ್ಚಿದರೆ ನಿಧಾನ ಆಗುತ್ತದೆ, ಅಷ್ಟೇ. ಹಾಗಾಗಿ ಸೌದೆ ಬಾಯ್ಲರಿನ ಸುರಕ್ಷತೆ ಅಂದರೆ ಎರಡೇ ಮಾತು. ಬಿಸಿಗೆ ಯಾವಾಗಲೂ ಒಂದು ದಾರಿ ಇರಬೇಕು, ಹೊಗೆಗೆ ಯಾವಾಗಲೂ ಒಂದು ದಾರಿ ಇರಬೇಕು. ಮನೆಯವರೆಲ್ಲ ಮಲಗಿದ್ದಾಗಲೂ, ಕರೆಂಟ್ ಇಲ್ಲದಾಗಲೂ.

ಹಳೇ ತಾಮ್ರದ ಹಂಡೆಯಲ್ಲಿ ಈ ಭಯ ಇರಲಿಲ್ಲ. ಬಾಯಿ ತೆರೆದಿರುತ್ತದೆ, ಕುದಿದರೆ ಹಬೆ ಮೇಲಕ್ಕೆ ಹೋಗುತ್ತದೆ. ಮುಚ್ಚಿದ ಡ್ರಮ್ಮಿನ ಕಥೆಯೇ ಬೇರೆ. ಒಂದು ಲೀಟರ್ ನೀರು ಹಬೆಯಾದರೆ ಸುಮಾರು 1,700 ಲೀಟರ್ ಜಾಗ ಕೇಳುತ್ತದೆ. ಜಾಗ ಸಿಗಲಿಲ್ಲ ಅಂದರೆ ಡ್ರಮ್ ಸಿಡಿಯುತ್ತದೆ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ನೀರು ಕುದಿಯೋದಕ್ಕೆ 97 ಡಿಗ್ರಿಯೂ ಪೂರ್ತಿ ಬೇಕಾಗೋದಿಲ್ಲ, ಅದೂ ನೆನಪಿರಲಿ.

ಅದಕ್ಕೇ ನಮ್ಮ ಬಾಯ್ಲರಿನ ನೆತ್ತಿಯಿಂದ ಒಂದು ಪೈಪ್ ನೇರ ಅಟ್ಟಕ್ಕೆ ಹತ್ತುತ್ತದೆ. ಅಲ್ಲಿ ಬಾಯಿ ತೆರೆದ ಒಂದು ಸಣ್ಣ ಸ್ಟೀಲ್ ಟ್ಯಾಂಕ್. ನೀರು ಬಿಸಿಯಾಗಿ ಉಬ್ಬಿದರೆ ಅಲ್ಲಿಗೆ ಏರುತ್ತದೆ, ಕುದಿದರೆ ಹಬೆ ಅಲ್ಲಿಂದ ಹೊರಗೆ. ಬಾಯ್ಲರಿಗೂ ಆ ಟ್ಯಾಂಕಿಗೂ ಮಧ್ಯೆ ಒಂದೇ ಒಂದು ವಾಲ್ವ್ ಇಲ್ಲ. ಈ ವಿಷಯಕ್ಕೆ ವೆಲ್ಡಿಂಗ್ ಹುಡುಗನ ಜೊತೆ ದೊಡ್ಡ ಜಗಳವೇ ಆಯಿತು.

"ಅಕ್ಕಾ, ರಿಪೇರಿ ಬಂದ್ರೆ ಅಷ್ಟೂ ನೀರು ಖಾಲಿ ಮಾಡ್ಬೇಕಾಗುತ್ತೆ. ಇಲ್ಲೊಂದು ಗೇಟ್‌ವಾಲ್ವ್ ಹಾಕಿಬಿಡ್ತೀನಿ."

"ಬೇಡಪ್ಪಾ."

"ಯಾವಾಗ್ಲೂ ಓಪನ್ನೇ ಇಟ್ಟಿರಿ. ಯಾರು ಮುಚ್ತಾರೆ?"

ಯಾರು ಬೇಕಾದರೂ ಮುಚ್ಚುತ್ತಾರೆ. ನೀರು ಹನಿಯುತ್ತಿದೆ ಅಂತ ಕೆಲಸದವರು ತಿರುಗಿಸಬಹುದು. ರಜೆಗೆ ಬಂದ ಮಕ್ಕಳು ತಿರುಗಿಸಬಹುದು. ವಾಲ್ವ್ ಇದ್ದರೆ ಅದು ಒಂದಲ್ಲ ಒಂದು ದಿನ ಮುಚ್ಚಿಯೇ ಮುಚ್ಚುತ್ತದೆ. ಖಾಲಿ ಮಾಡುವ ಕಷ್ಟ ನನಗಿರಲಿ ಅಂತ ಹೇಳಿ ಕಳಿಸಿದೆ. ಈಗಲೂ ಅವನ ಪ್ರಕಾರ ನಾನು ಹಟಮಾರಿ.

ಒತ್ತಡದಲ್ಲೇ ಓಡುವ ಮುಚ್ಚಿದ ವ್ಯವಸ್ಥೆಗಳೂ ಇವೆ. ಯುರೋಪಿನಲ್ಲಿ ಜಾಸ್ತಿ. ಅದಕ್ಕೆ ಸೇಫ್ಟಿ ವಾಲ್ವ್ ಬೇಕು, ಬಿಸಿ ಮಿತಿಮೀರಿದರೆ ತಣ್ಣೀರು ಹರಿಸಿ ಬಾಯ್ಲರನ್ನು ತಣ್ಣಗೆ ಮಾಡುವ ಪೈಪಿನ ಸುರುಳಿ ಬೇಕು, ವರ್ಷವರ್ಷ ಪರೀಕ್ಷೆ ಮಾಡುವ ಮೆಕ್ಯಾನಿಕ್ ಬೇಕು. ಅಂಥವರು ಕೈಗೆ ಸಿಗದ ಊರಲ್ಲಿ ತೆರೆದ ಟ್ಯಾಂಕೇ ವಾಸಿ. ಸರ್ಕಾರ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದರೆ ಅದೂ ಇಲ್ಲ. 1923ರ ಬಾಯ್ಲರ್ ಕಾಯ್ದೆ ಆಗಲಿ, ಅದರ ಜಾಗಕ್ಕೆ ಬಂದ 2025ರ ಕಾಯ್ದೆ ಆಗಲಿ, ಇರುವುದು ಒತ್ತಡದ ಹಬೆ ತಯಾರಿಸುವ ಬಾಯ್ಲರ್‌ಗಳಿಗೆ. 100 ಡಿಗ್ರಿ ಒಳಗೆ ನೀರು ಕಾಯಿಸುವ ನಮ್ಮಂಥ ಮನೆಯ ಡ್ರಮ್ಮನ್ನು ನೋಡೋಕೆ ಯಾವ ಇನ್‌ಸ್ಪೆಕ್ಟರೂ ಬರೋದಿಲ್ಲ.

ನೀರನ್ನು ಕೋಣೆಗಳಿಗೆ ಸುತ್ತಿಸೋಕೆ ಪಂಪ್ ಇಡಲಿಲ್ಲ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಬೆಂಕಿ ನಿಲ್ಲೋದಿಲ್ಲ. ಬಾಯ್ಲರಿನಲ್ಲಿರುವ ಬಿಸಿ ಅಲ್ಲೇ ಉಳಿದು ಕುದಿಯುತ್ತದೆ. ನಮ್ಮ ಅದೃಷ್ಟಕ್ಕೆ ಮನೆ ಇಳಿಜಾರಿನಲ್ಲಿದೆ. ಬಚ್ಚಲು ಕೆಳಗೆ, ಕೋಣೆಗಳು ಮೇಲೆ. ಬಿಸಿನೀರು ಹಗುರ, ತಾನಾಗಿ ಮೇಲಕ್ಕೆ ಏರುತ್ತದೆ. ಕೋಣೆಯ ಪೈಪಿನಲ್ಲಿ ಬಿಸಿ ಬಿಟ್ಟು ತಣ್ಣಗಾದ ನೀರು ಭಾರವಾಗಿ ಬಾಯ್ಲರಿನ ಬುಡಕ್ಕೆ ಇಳಿಯುತ್ತದೆ. ಇದು ನಡೆಯಬೇಕಾದರೆ ಪೈಪ್ ದಪ್ಪಗಿರಬೇಕು ಮತ್ತು ಎಲ್ಲೂ ತಗ್ಗಿ ಮತ್ತೆ ಏಳಬಾರದು. ಏರುವ ಪೈಪ್ ಏರುತ್ತಲೇ ಇರಬೇಕು, ಇಳಿಯುವುದು ಇಳಿಯುತ್ತಲೇ. ಉಬ್ಬು ಬಂದ ಕಡೆ ಗಾಳಿ ಸಿಕ್ಕಿಕೊಂಡು ಓಟ ನಿಂತುಹೋಗುತ್ತದೆ.

ಇನ್ನೊಂದು, ಬಾಯ್ಲರಿನ ಹತ್ತಿರ ಪ್ಲಾಸ್ಟಿಕ್ ಪೈಪ್ ಬೇಡವೇ ಬೇಡ. ಬಿಸಿನೀರಿಗೆ ಅಂತಲೇ ಮಾರುವ ಸಿಪಿವಿಸಿ ಕೂಡ ತಡೆಯೋದು 93 ಡಿಗ್ರಿವರೆಗೆ. ಸೌದೆ ಒಲೆ ಅದನ್ನು ಸುಲಭವಾಗಿ ದಾಟುತ್ತದೆ. ಸ್ನಾನಕ್ಕೆ ಬರುವ ನೀರಿನ ಬಗ್ಗೆಯೂ ಹುಷಾರಾಗಿರಬೇಕು. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲೇ ಚರ್ಮ ಸುಡುತ್ತದೆ. ವಯಸ್ಸಾದವರಿಗೆ ಕೈ ಹಿಂದಕ್ಕೆ ಎಳೆದುಕೊಳ್ಳೋಕೂ ಅಷ್ಟು ಹೊತ್ತು ಬೇಕು. ಅತ್ತೆಯ ಬಚ್ಚಲಿನಲ್ಲಿ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಅನ್ನುವುದು ಕಾನೂನು. ಕೋಣೆಯ ಪೈಪಿನ ಮುಂದೆ ಮರದ ಪಟ್ಟಿಯ ಅಡ್ಡ ಹಾಕಿಸಿದ್ದೇವೆ. ಅದರ ಮೇಲೆ ಬಟ್ಟೆ ಹಾಕಬೇಡಿ ಅಂತ ದಿನಾ ಹೇಳಬೇಕು, ಅದು ಬೇರೆ.

ಒಂದು ವೇಳೆ ನೀರು ಪೂರ್ತಿ ಬತ್ತಿ ಬರೀ ಡ್ರಮ್ ಕಾಯುತ್ತಿದೆ ಅಂತ ಗೊತ್ತಾದರೆ, ಗಾಬರಿಯಲ್ಲಿ ತಣ್ಣೀರು ಬಿಡಬಾರದು. ಕೆಂಪಗೆ ಕಾದ ಲೋಹಕ್ಕೆ ನೀರು ತಾಗಿದರೆ ಒಂದೇ ಕ್ಷಣದಲ್ಲಿ ಹಬೆ. ಗಾಳಿಬಾಗಿಲು ಮುಚ್ಚಿ, ಬೆಂಕಿಯ ಮೇಲೆ ಒಣ ಮರಳೋ ಬೂದಿಯೋ ಸುರಿದು, ದೂರ ಬಂದು ನಿಲ್ಲಬೇಕು. ಆ ಮರಳಿನ ಬಕೆಟ್ ನಮ್ಮಲ್ಲಿ ಒಲೆ ಪಕ್ಕದಲ್ಲೇ ಇದೆ. ಬೆಕ್ಕಿಗೆ ಅದರ ಮೇಲೆ ಬೇರೆ ಅಭಿಪ್ರಾಯ ಇದ್ದಿದ್ದರಿಂದ ಮುಚ್ಚಳ ಹಾಕಿದ್ದೇನೆ.

ಈಗ ಸೌದೆಗೆ ಬರುತ್ತೇನೆ. ಬಾಯ್ಲರ್ ಎಷ್ಟೇ ಚೆನ್ನಾಗಿರಲಿ, ಹಸಿ ಸೌದೆ ಹಾಕಿದರೆ ಎಲ್ಲಾ ಹಾಳು. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆ ನೀರನ್ನು ಹಬೆ ಮಾಡೋಕೆ ಬೆಂಕಿಯ ಶಕ್ತಿ ಖರ್ಚು. ಉರಿ ತಣ್ಣಗಾಗಿ ಹೊಗೆ ಪೂರ್ತಿ ಸುಡದೆ ಚಿಮಣಿಯೊಳಗೆ ಕಪ್ಪು ಟಾರಿನ ಹಾಗೆ ಅಂಟಿಕೊಳ್ಳುತ್ತದೆ. ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಒಂದು ದಿನ ಜೋರು ಉರಿ ಹಾಕಿದಾಗ ಅದಕ್ಕೇ ಬೆಂಕಿ ಹಿಡಿಯುತ್ತದೆ. ಚಿಮಣಿಯೊಳಗೆ ಲಾರಿ ಬಂದಂಥ ಸದ್ದು ಕೇಳಿದರೆ ಅದೇ ಅಂತ ತಿಳಿಯಬೇಕು. ಆಗ ಗಾಳಿಬಾಗಿಲು ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, 101ಕ್ಕೋ 112ಕ್ಕೋ ಫೋನ್ ಮಾಡಬೇಕು. ಮೇಲಿನಿಂದ ನೀರು ಸುರಿಯೋಕೆ ಹೋದರೆ ಚಿಮಣಿ ಒಡೆದು ಬೆಂಕಿ ಮಾಡಿನ ಮರದ ಪಕಾಸಿಗೆ ಬರುತ್ತದೆ.

ಮರ ಕಪಾತು ನಡೆಯೋದು ಹೆಚ್ಚಾಗಿ ಮಳೆಗೆ ಮುಂಚೆ. ಮೇ ತಿಂಗಳಲ್ಲಿ ಕಡಿದ ಕೊಂಬೆ ಜೂನ್ ಹೊತ್ತಿಗೆ ಒಣಗುತ್ತದೆಯೇ? ಸಾಧ್ಯವೇ ಇಲ್ಲ. ಅದಕ್ಕೆ ಈ ವರ್ಷದ ಸೌದೆ ಮುಂದಿನ ವರ್ಷದ ಮಳೆಗೆ. ಕೊಟ್ಟಿಗೆಯ ಪಕ್ಕ ಎರಡು ರಾಶಿ, ಸೀಳಿ ಒಟ್ಟಿದ್ದು, ಮೇಲೆ ಶೀಟ್, ಬದಿಗಳು ತೆರೆದೇ ಇರಬೇಕು. ಟಾರ್ಪಾಲಿನಲ್ಲಿ ಸುತ್ತಿಟ್ಟರೆ ಒಳಗೇ ಕೊಳೆಯುತ್ತದೆ. ತೇವ 20 ಪರ್ಸೆಂಟಿಗಿಂತ ಕೆಳಗೆ ಬಂದರೆ ಒಲೆಗೆ ಯೋಗ್ಯ. ಎರಡು ಮೊಳೆಯ ಸಣ್ಣ ಮೀಟರ್ ಸಿಗುತ್ತದೆ, ತುಂಡನ್ನು ಸೀಳಿ ಒಳಮೈಗೆ ಚುಚ್ಚಿ ನೋಡಬೇಕು. ಮಾವ ಇದ್ದಾಗ ಎರಡು ತುಂಡು ಬಡಿದು ಸದ್ದು ಕೇಳುತ್ತಿದ್ದರು. ಮೀಟರಿಗೂ ಅವರ ಕಿವಿಗೂ ಜಾಸ್ತಿ ವ್ಯತ್ಯಾಸ ಇರುತ್ತಿರಲಿಲ್ಲ ಅನ್ನೋದು ನನ್ನ ಅನುಮಾನ.

ಕಾಫಿ ಗಿಡದ ಸೌದೆ ಗಟ್ಟಿ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ಹಾಲುವಾಣದ ಮರ ಕಾಗದದ ಹಾಗೆ, ಹತ್ತಿಸೋಕೆ ಮಾತ್ರ ಸರಿ. ಆದರೆ ಅರೇಬಿಕಾ ತೋಟದವರಿಗೆ ಒಂದು ಮಾತು. ಬಿಳಿ ಕಾಂಡಕೊರಕ ಬಿದ್ದ ಗಿಡವನ್ನು ಒಣಗಲಿ ಅಂತ ರಾಶಿಗೆ ಸೇರಿಸಬಾರದು. ಕಾಂಡದೊಳಗಿನ ಹುಳು ದುಂಬಿಯಾಗಿ ಹೊರಗೆ ಹಾರಿ ಮತ್ತೆ ತೋಟಕ್ಕೇ ಹೋಗುತ್ತದೆ. ಕಿತ್ತ ಕೂಡಲೇ ತೋಟದಲ್ಲೇ ಸುಡಬೇಕು. ಸೌದೆಗೇ ಬೇಕು ಅಂದರೆ ವಾರ ಹತ್ತು ದಿನ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸಬೇಕು. ಮುಟ್ಟಿದರೇ ಮೈ ಊದುವ ಚೇರೆ ಮರವನ್ನಂತೂ ಒಲೆಯ ಹತ್ತಿರ ತರಬೇಡಿ, ಅದರ ಹೊಗೆಯೂ ಆಗದು. ನರ್ಸರಿ ಕವರ್, ಗೊಬ್ಬರದ ಚೀಲ, ಬಣ್ಣ ಹಚ್ಚಿದ ಹಲಗೆ, ಪ್ಲೈವುಡ್ ಇವೂ ಬೇಡ.

ರಾತ್ರಿ ದೊಡ್ಡ ಕೊರಡು ತುರುಕಿ, ಗಾಳಿ ಮುಚ್ಚಿ, ಬೆಳಗಿನವರೆಗೆ ಹೊಗೆಯಾಡಿಸುವುದು ನಮ್ಮ ಕಡೆಯ ಹಳೇ ಅಭ್ಯಾಸ. ತೆರೆದ ಹಂಡೆ ಒಲೆಗೆ ನಡೆಯುತ್ತಿತ್ತು. ಬಾಯ್ಲರಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಟಾರ್ ಕಟ್ಟೋದೂ ಹಾಗೇ, ವಿಷಗಾಳಿ ಹುಟ್ಟೋದೂ ಹಾಗೇ. ಸಂಜೆ ಒಣ ಸೌದೆಯಲ್ಲಿ ಜೋರಾಗಿ ಉರಿಸಿ, ಬಿಸಿಯನ್ನು ನೀರಿನಲ್ಲಿ ಕೂಡಿಟ್ಟುಕೊಳ್ಳುವುದು ಸರಿಯಾದ ದಾರಿ. 200 ಲೀಟರ್ ನೀರನ್ನು 25ರಿಂದ 70 ಡಿಗ್ರಿಗೆ ತರೋಕೆ, ಅರ್ಧದಷ್ಟು ಬಿಸಿ ಚಿಮಣಿ ಪಾಲಾದರೂ, ಐದಾರು ಕೆಜಿ ಒಣ ಸೌದೆ ಸಾಕು. ಡ್ರಮ್ಮಿಗೆ ಗಾಜಿನ ಉಣ್ಣೆ ಸುತ್ತಿಸಿದ್ದರಿಂದ ಬೆಳಿಗ್ಗೆ ಅತ್ತೆ ಎದ್ದಾಗಲೂ ಪೈಪ್ ಉಗುರುಬೆಚ್ಚಗಿರುತ್ತದೆ.

ವಿಷಗಾಳಿ ಅಂದೆನಲ್ಲ, ಅದು ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಅದೂ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬಂದು ಹೊರಗೆ ಹೋದರೆ ಕಡಿಮೆಯಾದರೆ, ಜ್ವರದ ಮಾತ್ರೆ ಹುಡುಕುತ್ತಾ ಕೂರಬಾರದು. ಬಾಗಿಲು ತೆರೆದು ಎಲ್ಲರೂ ಹೊರಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು. ಬಾಣಂತಿ ಕೋಣೆಗೆ, ವಯಸ್ಸಾದವರ ಕೋಣೆಗೆ ಕೆಂಡದ ಬಾಣಲೆ ಇಟ್ಟು ಕಿಟಕಿ ಮುಚ್ಚುವುದು ಇನ್ನೂ ನಿಂತಿಲ್ಲ. ದಯವಿಟ್ಟು ನಿಲ್ಲಿಸಿ. ನಮ್ಮ ಬಾಯ್ಲರ್ ಇರುವುದು ಬಚ್ಚಲಿನ ಹೊರಗೋಡೆಗೆ ಇಳಿಸಿದ ಮಾಡಿನಲ್ಲಿ. ಮನೆಯೊಳಗೆ ಬರೋದು ಬಿಸಿನೀರು ಮಾತ್ರ, ಬೆಂಕಿಯ ಗಾಳಿ ಅಲ್ಲ. ಬಾಯ್ಲರ್ ಒಳಗೇ ಇರುವ ಮನೆಗಳಲ್ಲಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೂಡ ಚಿಮಣಿಯ ಹೊಗೆಯನ್ನು ವಾಪಸ್ ಎಳೆಯಬಹುದು.

ಆದರೂ ಅತ್ತೆಯ ಕೋಣೆಯಲ್ಲಿ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಟ್ಟಿದ್ದೇನೆ. ಹೊಗೆಯ ಅಲಾರಂ ಬೇರೆ, ಇದು ಬೇರೆ, ತರಿಸುವಾಗ ನೋಡಿಕೊಳ್ಳಿ. ಬ್ಯಾಟರಿ ಇಳಿದಾಗ ಅದು ಆಗಾಗ ಚಿರಕ್ ಅನ್ನುತ್ತದೆ. ಅತ್ತೆ ಹಲ್ಲಿ ಅಂದುಕೊಂಡು ಎರಡು ದಿನ "ಕೃಷ್ಣ ಕೃಷ್ಣ" ಅಂತ ನೆಲ ತಟ್ಟುತ್ತಿದ್ದರು.

ಚಿಮಣಿಯ ವಿಷಯದಲ್ಲಿ ಮಾತ್ರ ಕಾಸು ಉಳಿಸಬೇಡಿ. ಸಿಮೆಂಟ್ ಶೀಟಿನ ಪೈಪ್ ಅಗ್ಗ, ಆದರೆ ಒಳಗೆ ಬೆಂಕಿ ಹಿಡಿದರೆ ಬಿರಿಯುತ್ತದೆ. ನಮ್ಮದು ಸ್ಟೀಲ್. ಮಾಡಿನ ರೀಪರಿನಿಂದ, ಪಕಾಸಿನಿಂದ ಒಂದೂವರೆ ಅಡಿ ದೂರ. ಹೆಂಚಿಗಿಂತ ಮೂರು ಅಡಿ ಮೇಲೆ, ಸುತ್ತ ಹತ್ತಡಿ ದೂರದೊಳಗೆ ಏನಿದೆಯೋ ಅದಕ್ಕಿಂತ ಎರಡಡಿ ಎತ್ತರ. ಮೇಲೆ ಟೊಪ್ಪಿ ಇಲ್ಲದಿದ್ದರೆ ನಮ್ಮ ಮಳೆ ನೇರ ಒಲೆಗೇ ಇಳಿಯುತ್ತದೆ. ಬೂದಿ ತೆಗೆಯೋಕೆ ಮುಚ್ಚಳದ ಕಬ್ಬಿಣದ ಬಕೆಟ್. ಆರಿದ ಹಾಗೆ ಕಂಡರೂ ಬೂದಿಯೊಳಗೆ ಕೆಂಡ ಎರಡು ಮೂರು ದಿನ ಬದುಕಿರುತ್ತದೆ. ಗೋಣಿಚೀಲಕ್ಕೆ ತುಂಬಿ ಸೌದೆ ರಾಶಿ ಪಕ್ಕ ಇಟ್ಟವರ ಕಥೆ ಪ್ರತಿ ಊರಿನಲ್ಲೂ ಇದೆ. ಪೂರ್ತಿ ತಣ್ಣಗಾದ ಮೇಲೆ ಬೂದಿ ಬಾಳೆ ಬುಡಕ್ಕೆ.

ಮಳೆಗಾಲ ಮುಗಿದ ಮೇಲೆ ಒಂದು ಸಲ, ಶುರುವಾಗುವ ಮುಂಚೆ ಒಂದು ಸಲ ಚಿಮಣಿಗೆ ಬ್ರಷ್ ಹಾಕಿಸಬೇಕು. ಕಾಳುಮೆಣಸು ಕೊಯ್ಯುವ ಏಣಿ ಇದೆ, ಉದ್ದ ಕೋಲಿನ ಬ್ರಷ್ ಇದೆ. ಹತ್ತುವವರದ್ದೇ ತಾಪತ್ರಯ. ಹೋದ ಸಲ ಹತ್ತಿದ ಹುಡುಗ ಈಗ ಕುಶಾಲನಗರದಲ್ಲಿ ಕೆಲಸಕ್ಕೆ ಸೇರಿದ್ದಾನೆ. ನಮ್ಮ ಯಜಮಾನರು ನಾನೇ ಹತ್ತುತ್ತೇನೆ ಅನ್ನುತ್ತಿದ್ದಾರೆ. ಅತ್ತೆ ಬೇಡ ಅಂದಿದ್ದಾರೆ. ಈ ಭಾನುವಾರದೊಳಗೆ ಯಾರಾದರೂ ಸಿಗದಿದ್ದರೆ ವೆಲ್ಡಿಂಗ್ ಹುಡುಗನಿಗೇ ಫೋನ್ ಮಾಡಬೇಕು, ವಾಲ್ವಿನ ಮಾತು ಮತ್ತೆ ಎತ್ತುತ್ತಾನೆ ಅನ್ನೋದು ಗೊತ್ತಿದ್ದೂ.