ಒಂದು ಪುಟ್ಟ ಗೆರೆ

ಇವತ್ತು ಇಮೇಲ್‌ನಲ್ಲಿ 'ತ್ರೀ ಪೇಜಸ್ ರಿಪೋರ್ಟ್' ಅಂತ ಬರೆದು ಕಳಿಸಿಬಿಟ್ಟೆ. ತಪ್ಪು ಕಣ್ಣಿಗೆ ಬಿದ್ದಿದ್ದು ಕಳಿಸಿದ ಮೇಲೆಯೇ. 'ತ್ರೀ-ಪೇಜ್ ರಿಪೋರ್ಟ್' ಆಗಬೇಕಿತ್ತು. ಇಂಗ್ಲಿಷ್‌ನಲ್ಲಿ ಎರಡು ಪದ ಜೋಡಿಯಾಗಿ ಮುಂದಿನ ನಾಮಪದವನ್ನು ಬಣ್ಣಿಸುವಾಗ ನಡುವೆ ಹೈಫನ್ ಅನ್ನುವ ಪುಟ್ಟ ಗೆರೆ ಬರುತ್ತದೆ, ಬಹುವಚನದ 'ಎಸ್' ಉದುರಿಹೋಗುತ್ತದೆ. ಅದೇ 'ದ ರಿಪೋರ್ಟ್ ಈಸ್ ತ್ರೀ ಪೇಜಸ್ ಲಾಂಗ್' ಅಂದರೆ ಎಸ್ ವಾಪಸ್, ಹೈಫನ್ ಮಾಯ.

ಮಜಾ ಏನಂದರೆ, ಕನ್ನಡದಲ್ಲಿ ಇದನ್ನು ನಾವು ಯೋಚಿಸದೆಯೇ ಮಾಡುತ್ತೇವೆ. 'ಮೂರು ಪುಟದ ವರದಿ', 'ಐದು ವರ್ಷದ ಮಗು'. 'ಐದು ವರ್ಷಗಳ ಮಗು' ಅಂದರೆ ಯಾಕೋ ಭಾಷಣದ ಹಾಗೆ ಕೇಳುತ್ತದೆ, ಅಲ್ವಾ?

ನನಗೆ ಜಾಸ್ತಿ ಇಷ್ಟದ ಉದಾಹರಣೆ 'ಮ್ಯಾನ್-ಈಟಿಂಗ್ ಫಿಶ್'. ಅದು ಮನುಷ್ಯರನ್ನು ತಿನ್ನುವ ಮೀನು. ಗೆರೆ ತೆಗೆದರೆ ಸುಮ್ನೆ ಕೂತು ಮೀನು ತಿನ್ನುತ್ತಿರುವ ಯಾರೋ ಪಾಪದ ಮನುಷ್ಯ! ಹಾಗಂತ ಕಂಡಲ್ಲೆಲ್ಲ ಗೆರೆ ಎಳೆಯುವಂತಿಲ್ಲ. 'ವೆಲ್-ಪೇಯ್ಡ್ ಜಾಬ್'ಗೆ ಹೈಫನ್ ಬೇಕು, 'ಹೈಲಿ ಪೇಯ್ಡ್ ಜಾಬ್'ಗೆ ಬೇಡ. 'ಎಲ್‌ವೈ' ಬಾಲವೇ ಗೆರೆಯ ಕೆಲಸ ಮಾಡಿರುತ್ತದೆ.

ಈಗಷ್ಟೇ ಇಮೇಲ್‌ಗೆ ಉತ್ತರ ಬಂತು: 'ಥ್ಯಾಂಕ್ಸ್ ಫಾರ್ ದ ತ್ರೀ ಪೇಜಸ್ ರಿಪೋರ್ಟ್.'